ಚೆಂಡು ಮುಟ್ಟದವನ ನಾಲ್ಕು ವರ್ಷ: ಆರನ್ ಡೊನಾಲ್ಡ್ ಅವರ ಕಾಲೇಜು ಆಟ

ಪ್ರಶ್ನೆ: ನಾನು ಮೈಸೂರಿನ ನಿವೃತ್ತ ಶಿಕ್ಷಕಿ. ನನ್ನ ಮಗಳ ಸಂಸಾರ ಅಮೆರಿಕದ ಪಿಟ್ಸ್‌ಬರ್ಗ್ ನಗರದ ಹತ್ತಿರ ಇದೆ. ಅಲ್ಲಿಗೆ ಹೋಗಿದ್ದಾಗ, ಹೈಸ್ಕೂಲಿನಲ್ಲಿ ಓದುತ್ತಿರುವ ಮೊಮ್ಮಗ ಅಮೆರಿಕನ್ ಫುಟ್‌ಬಾಲ್ ಆಡುವುದನ್ನು ನೋಡಿದೆ. ಅವನು ಡಿಫೆನ್ಸಿವ್ ಟ್ಯಾಕಲ್ ಅಂತೆ. ಇಡೀ ಪಂದ್ಯದಲ್ಲಿ ಒಮ್ಮೆಯೂ ಚೆಂಡು ಅವನ ಕೈಗೆ ಬರಲಿಲ್ಲ. ಆದರೂ ಚೆನ್ನಾಗಿ ಆಡಿದನೆಂದು ಎಲ್ಲರೂ ಬೆನ್ನು ತಟ್ಟಿದರು. ಆರನ್ ಡೊನಾಲ್ಡ್ ಅವರಂತೆ ಪಿಟ್ಸ್‌ಬರ್ಗ್ ವಿಶ್ವವಿದ್ಯಾಲಯಕ್ಕೆ ಆಡಬೇಕೆಂಬುದು ಅವನ ಆಸೆ. ಇಂಥ ಆಟಗಾರನ ಸಾಮರ್ಥ್ಯವನ್ನು ಅಳೆಯುವುದು ಹೇಗೆ? ಕಾಲೇಜಿನ ವರ್ಷಗಳು ಹೇಗಿರುತ್ತವೆ? ಪೆಟ್ಟಿನ ಭಯ ಎಷ್ಟು, ಓದಿನ ಗತಿ ಏನು? ದಯವಿಟ್ಟು ವಿವರವಾಗಿ ತಿಳಿಸಿ.

ಉತ್ತರ: ನಿಮ್ಮ ಮೊಮ್ಮಗ ಹೆಸರಿಸಿದ ಆಟಗಾರನ ಊರನ್ನು ನೀವು ಬಹುಶಃ ನೋಡಿಯೇ ಇರುತ್ತೀರಿ, ಅಮ್ಮ. ಪಿಟ್ಸ್‌ಬರ್ಗಿನ ಕನ್ನಡಿಗರೆಲ್ಲ ಹಬ್ಬಹರಿದಿನಗಳಲ್ಲಿ ಸೇರುವ ಶ್ರೀ ವೆಂಕಟೇಶ್ವರ ದೇವಸ್ಥಾನ ಇರುವುದು ನಗರದ ಪೂರ್ವಕ್ಕಿರುವ ಪೆನ್ ಹಿಲ್ಸ್‌ನಲ್ಲಿ. ಅದೇ ಪೆನ್ ಹಿಲ್ಸ್‌ನ ಹೈಸ್ಕೂಲಿನಲ್ಲಿ ಆಡಿ, ಅಲ್ಲಿಂದ ಕೆಲವೇ ಮೈಲಿ ದೂರದ ಪಿಟ್ಸ್‌ಬರ್ಗ್ ವಿಶ್ವವಿದ್ಯಾಲಯಕ್ಕೆ, ಅಂದರೆ ಊರಿನವರೆಲ್ಲ ‘ಪಿಟ್’ ಎನ್ನುವ ಸಂಸ್ಥೆಗೆ, 2010ರಲ್ಲಿ ಸೇರಿದವರು ಡೊನಾಲ್ಡ್. ಆದ್ದರಿಂದ ನಿಮ್ಮ ಪ್ರಶ್ನೆಗಳಿಗೆ ಅವರ ಕಾಲೇಜು ಜೀವನವನ್ನೇ ಮುಂದಿಟ್ಟುಕೊಂಡು ಉತ್ತರಿಸುತ್ತೇನೆ. ಅವರ ಸಾಧನೆ ಅಪರೂಪದ್ದು, ಅದನ್ನೇ ಮಾದರಿ ಎಂದು ಹಿಡಿದರೆ ಮೋಸ ಹೋಗುತ್ತೇವೆ. ಆದರೆ ಆ ನಾಲ್ಕು ವರ್ಷಗಳಲ್ಲಿ ಅವರು ನಡೆದ ದಾರಿ ಈ ಸ್ಥಾನದಲ್ಲಿ ಆಡುವ ಯಾವ ಹುಡುಗನಿಗೂ ಅನ್ವಯಿಸುವಂಥದ್ದು.

ಮೊದಲು ಆಟದ ನಿಯಮವನ್ನು ಚುಟುಕಾಗಿ ಹೇಳಿಬಿಡುತ್ತೇನೆ. ಎರಡೂ ಕಡೆ 11 ಮಂದಿ. ಚೆಂಡು ಇರುವ ತಂಡಕ್ಕೆ 4 ಅವಕಾಶಗಳಲ್ಲಿ 10 ಗಜ ಮುಂದೆ ಹೋಗುವ ಕೆಲಸ. ಹೋದರೆ ಇನ್ನೂ 4 ಅವಕಾಶ, ಹೋಗದಿದ್ದರೆ ಚೆಂಡು ಎದುರಾಳಿಗೆ. ದಾಳಿ ಮಾಡಲು ಒಂದು ಗುಂಪು, ತಡೆಯಲು ಇನ್ನೊಂದು ಗುಂಪು, ಎರಡರಲ್ಲೂ ಬೇರೆಬೇರೆ ಆಟಗಾರರು. ತಡೆಯುವ ಗುಂಪಿನಲ್ಲಿ ಎಲ್ಲರಿಗಿಂತ ಮುಂದೆ, ಎದುರಾಳಿಯ ಮೂಗಿಗೆ ಮೂಗು ತಾಗುವಷ್ಟು ಹತ್ತಿರ, ಒಂದು ಕೈಯನ್ನು ನೆಲಕ್ಕೂರಿ ಬಾಗಿ ನಿಲ್ಲುವ ಸಾಲಿದೆ. ಆ ಸಾಲಿನ ನಡುವೆ ನಿಲ್ಲುವವನು ಡಿಫೆನ್ಸಿವ್ ಟ್ಯಾಕಲ್. ಎದುರು ತಂಡದ ಕ್ವಾರ್ಟರ್‌ಬ್ಯಾಕ್, ಅಂದರೆ ಚೆಂಡನ್ನು ಎಸೆಯುವ ಅಥವಾ ಓಟಗಾರನಿಗೆ ಕೊಡುವ ನಾಯಕ, ಇವನಿಂದ ಕೆಲವೇ ಅಡಿ ದೂರದಲ್ಲಿರುತ್ತಾನೆ. ಆದರೆ ನಡುವೆ ಸುಮಾರು 300 ಪೌಂಡ್, ಅಂದರೆ 136 ಕಿಲೋ ತೂಗುವ ಐವರ ಗೋಡೆ. ಆ ಗೋಡೆಯನ್ನು ಭೇದಿಸುವುದು, ಭೇದಿಸಲಾಗದಿದ್ದರೆ ಕನಿಷ್ಠ ಅದರ ಇಬ್ಬರನ್ನು ತನ್ನ ಮೇಲೆಯೇ ಕಟ್ಟಿಹಾಕಿಕೊಂಡು ಜೊತೆಗಾರರಿಗೆ ದಾರಿ ಬಿಡಿಸಿಕೊಡುವುದು ಇವನ ಕೆಲಸ.

ಡೊನಾಲ್ಡ್ ಹೆಚ್ಚಾಗಿ ನಿಲ್ಲುತ್ತಿದ್ದ ಜಾಗಕ್ಕೆ ತರಬೇತುದಾರರು ‘ತ್ರೀ ಟೆಕ್ನಿಕ್’ ಎನ್ನುತ್ತಾರೆ. ಎದುರಿನ ಗೋಡೆಯ ನಡುವಿನವನು ಸೆಂಟರ್, ಅವನ ಎರಡೂ ಪಕ್ಕದಲ್ಲಿ ಗಾರ್ಡ್‌ಗಳು. ಗಾರ್ಡ್‌ನ ಹೊರಭುಜಕ್ಕೆ ಎದುರಾಗಿ ನಿಂತರೆ ಅದು ತ್ರೀ ಟೆಕ್ನಿಕ್. ಅಲ್ಲಿ ನಿಂತವನ ಕಿವಿಗಿಂತ ಕಣ್ಣು ಚುರುಕಾಗಿರಬೇಕು, ಏಕೆಂದರೆ ಕ್ವಾರ್ಟರ್‌ಬ್ಯಾಕ್ ಕೂಗುವ ಸಂಕೇತಗಳಲ್ಲಿ ಅರ್ಧ ಇವನನ್ನು ಮುಂಚಿತವಾಗಿ ಎಗರುವಂತೆ ಮಾಡಿ ದಂಡ ಹಾಕಿಸಲೆಂದೇ ಕೂಗುವಂಥವು. ದೃಷ್ಟಿ ಸೆಂಟರ್‌ನ ಕೈಯಲ್ಲಿರುವ ಚೆಂಡಿನ ಮೇಲಿರಬೇಕು. ಅದು ಅಲುಗಿದೊಡನೆ ಮೊದಲ ಹೆಜ್ಜೆ ಗಿಡ್ಡದಾಗಿ, ನೆಲಕ್ಕೆ ಅಂಟಿದಂತೆ ಮುಂದೆ ಬೀಳಬೇಕು. ಎರಡನೆಯ ಹೆಜ್ಜೆ ಊರುವ ಮೊದಲೇ ಕೈಗಳು ಗಾರ್ಡ್‌ನ ಕೈಗಳನ್ನು ಸೇರಿರಬೇಕು. ಗಾರ್ಡ್ ಇವನ ಎದೆಗೆ ಅಂಗೈ ಒತ್ತಿ ನಿಲ್ಲಿಸಲು ನೋಡುತ್ತಾನೆ. ಇವನು ಆ ಮಣಿಕಟ್ಟನ್ನು ಬದಿಗೆ ಬಡಿದು, ಅದೇ ಕ್ಷಣದಲ್ಲಿ ಸೊಂಟ ತಿರುಗಿಸಿ, ಎದುರಾಳಿಯ ಕಂಕುಳಡಿಯಿಂದ ತನ್ನ ತೋಳನ್ನು ಮೇಲೆತ್ತಿ ಆಚೆ ನುಸುಳಬೇಕು. ಇಷ್ಟೆಲ್ಲ ಮುಗಿಯುವುದು ಎರಡು ಮೂರು ಸೆಕೆಂಡುಗಳಲ್ಲಿ. ಕಬಡ್ಡಿ ಬಲ್ಲವರಿಗೆ ಇದರ ಮರ್ಮ ಹೇಳಿಕೊಡಬೇಕಾಗಿಲ್ಲ: ತಗ್ಗಿ ಹಿಡಿದವನ ಪಟ್ಟಿಗೆ ಇರುವ ಬಿಗಿ, ನೆಟ್ಟಗೆ ನಿಂತು ಹಿಡಿದವನಿಗೆ ಎಷ್ಟೇ ತೂಕವಿದ್ದರೂ ಬರುವುದಿಲ್ಲ.

ಇನ್ನು ಅಳತೆಯ ಮಾತು. ಈ ಸ್ಥಾನದವರ ಲೆಕ್ಕಪುಸ್ತಕದಲ್ಲಿ ಮುಖ್ಯವಾಗಿ ನಾಲ್ಕು ಬಾಬತ್ತುಗಳಿರುತ್ತವೆ. ಚೆಂಡು ಹಿಡಿದವನನ್ನು ಕೆಡವಿದರೆ ಒಂದು ಟ್ಯಾಕಲ್. ಆ ಕೆಡವುವಿಕೆ ಆಟ ಶುರುವಾದ ಗೆರೆಗಿಂತ ಹಿಂದೆಯೇ ನಡೆದು ಎದುರಾಳಿಗೆ ಗಜಗಳ ನಷ್ಟವಾದರೆ ಅದು ನಷ್ಟದ ಟ್ಯಾಕಲ್. ಚೆಂಡನ್ನು ಎಸೆಯಲು ಹೊರಟ ಕ್ವಾರ್ಟರ್‌ಬ್ಯಾಕನ್ನೇ ಹೀಗೆ ಕೆಡವಿದರೆ ಸ್ಯಾಕ್. ಕೈಯಿಂದ ಚೆಂಡು ಜಾರುವಂತೆ ಹೊಡೆದರೆ ಫೋರ್ಸ್ಡ್ ಫಂಬಲ್. ಇಬ್ಬರು ಸೇರಿ ಕೆಡವಿದರೆ ಅರ್ಧರ್ಧ ಹಂಚುವುದರಿಂದ ಅಂಕಿಗಳಲ್ಲಿ ಆಗಾಗ ‘.5’ ಕಾಣಿಸುತ್ತದೆ. ಈ ಲೆಕ್ಕಗಳಿಗೂ ಒಂದು ಇತಿಹಾಸವಿದೆ: ಕಾಲೇಜು ಕ್ರೀಡೆಯನ್ನು ನಿಯಂತ್ರಿಸುವ ಎನ್‌ಸಿಎಎ ಸಂಸ್ಥೆ ರಕ್ಷಣಾ ಆಟಗಾರರ ಅಂಕಿಗಳನ್ನು ಅಧಿಕೃತವಾಗಿ ದಾಖಲಿಸಲು ತೊಡಗಿದ್ದು 2000ದಲ್ಲಿ. ಹಾಗಾಗಿ ಇದೇ ಪಿಟ್‌ಗೆ 1977ರಿಂದ 1980ರವರೆಗೆ ಆಡಿ, ಮೂರು ಸಲ ದೇಶದ ಅತ್ಯುತ್ತಮ ತಂಡಕ್ಕೆ ಆಯ್ಕೆಯಾಗಿದ್ದ ಹ್ಯೂ ಗ್ರೀನ್ ಅವರ ಸ್ಯಾಕ್‌ಗಳು ರಾಷ್ಟ್ರೀಯ ದಾಖಲೆಯ ಪಟ್ಟಿಯಲ್ಲಿ ಕಾಣುವುದೇ ಇಲ್ಲ. ಓಡಿದವರ ಗಜಗಳನ್ನು ಅದಕ್ಕಿಂತ ಎಷ್ಟೋ ದಶಕ ಮೊದಲಿನಿಂದ ಎಣಿಸುತ್ತಿದ್ದ ವ್ಯವಸ್ಥೆ, ಅವರನ್ನು ಕೆಡವಿದವರ ಲೆಕ್ಕವನ್ನು ಅಷ್ಟು ತಡವಾಗಿ ಹಿಡಿಯಿತು.

ಆದರೆ ನಿಮ್ಮ ಮೊಮ್ಮಗನ ಬೆನ್ನು ತಟ್ಟಿದವರು ನೋಡಿದ್ದು ಈ ನಾಲ್ಕು ಬಾಬತ್ತುಗಳನ್ನು ಇರಲಾರದು. ಇಬ್ಬರು ಎದುರಾಳಿಗಳು ಒಟ್ಟಾಗಿ ಅವನ ಮೇಲೆ ಬಿದ್ದಾಗ, ಅದನ್ನು ಡಬಲ್ ಟೀಮ್ ಎನ್ನುತ್ತಾರೆ, ಅವನು ಒಂದು ಮಂಡಿಯೂರಿಯಾದರೂ ಜಾಗ ಬಿಡದೆ ನಿಂತಿದ್ದರೆ ಸಾಲಿನ ಹಿಂದೆ ನಿಲ್ಲುವ ರಕ್ಷಣಾ ಆಟಗಾರನಿಗೆ, ಅಂದರೆ ಲೈನ್‌ಬ್ಯಾಕರ್‌ಗೆ, ಓಟಗಾರ ಸಲೀಸಾಗಿ ಸಿಕ್ಕಿರುತ್ತಾನೆ. ಟ್ಯಾಕಲ್‌ನ ಹೆಸರು ಲೈನ್‌ಬ್ಯಾಕರ್‌ಗೆ ಹೋಗುತ್ತದೆ. ತರಬೇತುದಾರರು ಭಾನುವಾರ ವಿಡಿಯೊ ಹಾಕಿಕೊಂಡು ಪ್ರತಿ ಸ್ನ್ಯಾಪ್‌ಗೂ, ಅಂದರೆ ಸೆಂಟರ್ ಚೆಂಡನ್ನು ಹಿಂದಕ್ಕೆ ಕೊಟ್ಟು ಆಟ ಶುರುಮಾಡುವ ಪ್ರತಿ ಸಲಕ್ಕೂ, ಅಂಕ ಕೊಡುತ್ತಾರೆ. ಸರಿಯಾದ ಹೆಜ್ಜೆ, ಸರಿಯಾದ ಕೈ, ಕಾಯಬೇಕಾದ ಸಂದನ್ನು ಬಿಡದಿರುವುದು, ಚೆಂಡು ದೂರ ಹೋದ ಮೇಲೂ ಅದರ ಹಿಂದೆ ಓಡುವುದು, ಇವೆಲ್ಲ ಅಲ್ಲಿ ಲೆಕ್ಕಕ್ಕೆ ಬರುತ್ತವೆ. ಪತ್ರಿಕೆಯ ಅಂಕಿಅಂಶದಲ್ಲಿ ಸೊನ್ನೆ ಇದ್ದ ಹುಡುಗ ಈ ಅಂಕಪಟ್ಟಿಯಲ್ಲಿ ಮೊದಲಿಗನಾಗಿರುವುದು ಸಾಮಾನ್ಯ ಸಂಗತಿ.

ಡೊನಾಲ್ಡ್ ಹೈಸ್ಕೂಲು ಮುಗಿಸುವ ಹೊತ್ತಿಗೆ ಕಾಲೇಜುಗಳು ಅವರ ಹಿಂದೆ ಮುಗಿಬೀಳಲಿಲ್ಲ. ಆಟಗಾರರಿಗೆ ನಕ್ಷತ್ರ ಹಚ್ಚುವ ಸಂಸ್ಥೆಗಳು ಅವರಿಗೆ ಐದರಲ್ಲಿ ಮೂರು ಕೊಟ್ಟಿದ್ದವು. ಪಿಟ್ ಬಿಟ್ಟರೆ ಕರೆ ಬಂದದ್ದು ರಟ್ಗರ್ಸ್, ಟೊಲೀಡೊ, ಆಕ್ರನ್‌ನಂಥ ಬೆರಳೆಣಿಕೆಯ ಕಾಲೇಜುಗಳಿಂದ. ಕಾರಣ ಅವರ ಎತ್ತರ. ಆರಡಿ ದಾಟಿಯೂ ದಾಟದಂತಿದ್ದ ಹುಡುಗ ಆ ಗೋಡೆಯೆದುರು ನಿಲ್ಲಲಾರ ಎಂಬುದು ಆಗಿನ ಸಾಮಾನ್ಯ ನಂಬಿಕೆ. ಹೋಲಿಕೆಗೆ ನೋಡಿ: 2009ರಲ್ಲಿ ನೆಬ್ರಾಸ್ಕಾ ವಿಶ್ವವಿದ್ಯಾಲಯದ ಇದೇ ಸ್ಥಾನದ ಆಟಗಾರ ಎನ್‌ಡಾಮುಕಾಂಗ್ ಸೂ ದೇಶವನ್ನೇ ಬೆರಗುಗೊಳಿಸಿದ್ದರು. ಅವರು ಆರಡಿ ನಾಲ್ಕಂಗುಲ ಎತ್ತರದ, 300 ಪೌಂಡ್ ಮೀರಿದ ಆಳು. ಆಯ್ಕೆಗಾರರ ಕಣ್ಣಿನಲ್ಲಿ ಡಿಫೆನ್ಸಿವ್ ಟ್ಯಾಕಲ್ ಎಂದರೆ ಆ ಆಕಾರ.

ಎತ್ತರ ಕಡಿಮೆ ಇರುವುದು ಈ ಸ್ಥಾನದಲ್ಲಿ ಕೊರತೆ ಎನ್ನುವುದು ನನಗೆ ಹಿಂದೆಯೂ ಒಪ್ಪಿಗೆಯಾಗುತ್ತಿರಲಿಲ್ಲ. ಗಿಡ್ಡಗಿರುವವನು ತಗ್ಗಲು ಪ್ರಯಾಸಪಡಬೇಕಾಗಿಲ್ಲ. ಅವನ ಹೆಗಲು ಸಹಜವಾಗಿಯೇ ಎದುರಾಳಿಯ ಹೆಗಲಿಗಿಂತ ಕೆಳಗಿರುತ್ತದೆ, ಒತ್ತಡ ಕೆಳಗಿನಿಂದ ಮೇಲಕ್ಕೆ ಹೋಗುತ್ತದೆ. ಕೊರತೆ ಇರುವುದು ತೋಳಿನ ಉದ್ದದಲ್ಲಿ ಮತ್ತು ತೂಕದಲ್ಲಿ. ಅದನ್ನು ಕೈಚಳಕದಿಂದ, ಮೊದಲ ಹೆಜ್ಜೆಯ ವೇಗದಿಂದ, ಬಲದಿಂದ ತುಂಬಿಕೊಳ್ಳಬೇಕು. ಬಲದ ವಿಷಯದಲ್ಲಿ ಡೊನಾಲ್ಡ್ ಅವರಿಗೆ ಮನೆಯಲ್ಲೇ ಗರಡಿ ಇತ್ತು. ತಂದೆ ಆರ್ಚಿ ಡೊನಾಲ್ಡ್ ಮನೆಯ ನೆಲಮಾಳಿಗೆಯಲ್ಲಿ ತೂಕ ಎತ್ತುವ ಸಾಮಾನು ಜೋಡಿಸಿದ್ದರು. ಶಾಲೆಗೆ ಹೋಗುವ ಮುನ್ನ, ಬೆಳಗಿನ ಜಾವ ನಾಲ್ಕೂವರೆಗೆ ಮಗನನ್ನು ಎಬ್ಬಿಸಿ ಅಲ್ಲಿಗೆ ಇಳಿಸುತ್ತಿದ್ದರು. ಡೊನಾಲ್ಡ್ ಅವರ ಬಗೆಗಿನ ಸಂದರ್ಶನಗಳಲ್ಲಿ ಈ ನೆಲಮಾಳಿಗೆಯ ಪ್ರಸ್ತಾಪವಿಲ್ಲದ್ದು ಅಪರೂಪ. ಮಗನೇ ಮುಂದೆ ಅದಕ್ಕೆ ಋಣಿ ಎಂದದ್ದುಂಟು, ಆದರೂ ಹದಿಹರೆಯದ ಪ್ರತಿಯೊಬ್ಬನಿಗೂ ಇದು ಹಿತವೆಂದು ನಾನು ಹೇಳಲಾರೆ. ನಿದ್ದೆಗೆಟ್ಟು ಭಾರ ಎತ್ತಿ ಬೆನ್ನು ಹಾಳುಮಾಡಿಕೊಂಡ ಹುಡುಗರ ಸಂದರ್ಶನಗಳನ್ನು ಯಾರೂ ಮಾಡುವುದಿಲ್ಲ.

ಕಾಲೇಜಿನ ಮೊದಲ ವರ್ಷ, 2010ರಲ್ಲಿ, ಅವರು ಬದಲಿ ಆಟಗಾರ. ಬಹಳಷ್ಟು ಹೊಸಬರನ್ನು ಮೊದಲ ವರ್ಷ ಆಡಿಸದೆ ತರಬೇತಿಯಲ್ಲೇ ಇಡುವ ಪದ್ಧತಿ ಇದೆ, ರೆಡ್‌ಶರ್ಟ್ ಎಂದು ಹೆಸರು. ಹಾಗಿಟ್ಟರೆ ಐದು ವರ್ಷಗಳ ಅವಧಿಯಲ್ಲಿ ನಾಲ್ಕು ವರ್ಷ ಆಡುವ ಹಕ್ಕು ಉಳಿಯುತ್ತದೆ. ಡೊನಾಲ್ಡ್ ಅವರನ್ನು ಹಾಗಿಡಲಿಲ್ಲ. ಅವರು ನಡುನಡುವೆ ಕಣಕ್ಕಿಳಿದು ಒಟ್ಟು 11 ಟ್ಯಾಕಲ್ ಮಾಡಿದರು. 2011ರಲ್ಲಿ ಮೊದಲ ಹನ್ನೊಂದರಲ್ಲಿ ಸ್ಥಾನ ಸಿಕ್ಕಿತು, 11 ಸ್ಯಾಕ್ ಬಂತು. ಸಾಲಿನ ನಡುವಿನವನು ಒಂದು ವರ್ಷದಲ್ಲಿ ಎರಡಂಕಿಯ ಸ್ಯಾಕ್ ಮಾಡುವುದು ಸುಲಭದ ಮಾತಲ್ಲ. ಆ ಕೀರ್ತಿ ಸಾಮಾನ್ಯವಾಗಿ ಅಂಚಿನಲ್ಲಿ ನಿಂತು, ಬಯಲಿನಲ್ಲಿ ಸುತ್ತುಹಾಕಿ ಬರುವವರಿಗೆ ಸಲ್ಲುವುದು.

ಈ ವರ್ಷಗಳಲ್ಲಿ ಪಿಟ್‌ನ ಸ್ಥಿತಿ ಹೇಗಿತ್ತೆಂಬುದನ್ನು ತಿಳಿದರೆ ಈ ಸಾಧನೆಯ ತೂಕ ಗೊತ್ತಾಗುತ್ತದೆ. ಡೊನಾಲ್ಡ್ ಅವರನ್ನು ತಂಡಕ್ಕೆ ಕರೆದುಕೊಂಡ ಮುಖ್ಯ ತರಬೇತುದಾರ ಡೇವ್ ವಾನ್‌ಸ್ಟೆಟ್ 2010ರ ಋತು ಮುಗಿಯುತ್ತಿದ್ದಂತೆ ಹುದ್ದೆ ಬಿಡಬೇಕಾಯಿತು. ಅವರ ಜಾಗಕ್ಕೆ ನೇಮಕವಾದ ಮೈಕ್ ಹೇವುಡ್ ಒಂದು ಪಂದ್ಯವನ್ನೂ ನಡೆಸದೆ ಕೆಲವೇ ವಾರಗಳಲ್ಲಿ ಹೊರಬಿದ್ದರು. ಆಮೇಲೆ ಬಂದ ಟಾಡ್ ಗ್ರಹಾಂ ಒಂದೇ ಋತು ಇದ್ದು ಅರಿಜೋನಾ ಸ್ಟೇಟ್‌ಗೆ ಹೊರಟುಹೋದರು. ಅವರು ಹೋಗುತ್ತಿರುವ ಸುದ್ದಿ ಆಟಗಾರರಿಗೆ ಮುಟ್ಟಿದ್ದು ಫೋನಿನ ಸಂದೇಶದಲ್ಲಿ. 2012ಕ್ಕೆ ಪಾಲ್ ಕ್ರಿಸ್ಟ್ ಬಂದರು. ಎರಡು ವರ್ಷ ಸತತವಾಗಿ ಋತುವಿನ ಕೊನೆಯ ಬೌಲ್ ಪಂದ್ಯವನ್ನು ತಂಡ ಹಂಗಾಮಿ ತರಬೇತುದಾರರ ಕೈಕೆಳಗೆ ಆಡಿತು. ತರಬೇತುದಾರ ಬದಲಾದರೆ ಮೇಲಿನ ಹೆಸರೊಂದು ಬದಲಾದಂತಲ್ಲ. ಸಾಲಿನವರು ನಿಲ್ಲುವ ಜಾಗ, ಕರೆಗಳ ಗುಟ್ಟಿನ ಪದಗಳು, ವ್ಯಾಯಾಮದ ಕ್ರಮ, ಯಾರಿಗೆ ಎಷ್ಟು ಅವಕಾಶ ಎಂಬ ತೀರ್ಮಾನ, ಎಲ್ಲವೂ ಬದಲಾಗುತ್ತವೆ. ಹೊಸಬರಿಗೆ ನಿಮ್ಮನ್ನು ಆರಿಸಿದ ಹಂಗು ಇರುವುದಿಲ್ಲ. ಹಲವು ಹುಡುಗರ ಕಾಲೇಜು ಆಟ ಮುಗಿದುಹೋಗುವುದು ಇಂಥ ತಿರುವಿನಲ್ಲೇ, ಗಾಯದಿಂದಲ್ಲ.

2012ರಲ್ಲಿ ಅವರ ಸ್ಯಾಕ್‌ಗಳು ಐದೂವರೆಗೆ ಇಳಿದವು. ಅಂಕಿ ನೋಡಿದವರು ಆಟ ಕುಸಿಯಿತೆಂದುಕೊಳ್ಳಬಹುದು. ಆದರೆ ಅದೇ ವರ್ಷ ಅವರ ನಷ್ಟದ ಟ್ಯಾಕಲ್‌ಗಳು ಹೆಚ್ಚಾದವು, ಒಟ್ಟು ಟ್ಯಾಕಲ್‌ಗಳೂ ಹೆಚ್ಚಾದವು. ಎದುರಾಳಿಗಳು ಅವರಿಗೆ ಇಬ್ಬರನ್ನು ಹಚ್ಚತೊಡಗಿದ್ದರು. ಎಸೆತದ ಹೊತ್ತಿನಲ್ಲಿ ದಾರಿ ಮುಚ್ಚಿತು, ಓಟದ ಹೊತ್ತಿನಲ್ಲಿ ಇಬ್ಬರ ನಡುವೆ ಸೀಳಿಕೊಂಡು ಹೋಗುವುದನ್ನು ಅವರು ಕಲಿತರು. ಹೈಸ್ಕೂಲು ಮುಗಿದು ಮೂರು ವರ್ಷವಾದ ಆಟಗಾರ ವೃತ್ತಿಪರ ಎನ್‌ಎಫ್‌ಎಲ್‌ಗೆ ಹೋಗಬಹುದೆಂಬ ನಿಯಮವಿದೆ. ಆ ಚಳಿಗಾಲ ಅವರು ಹೋಗಬಹುದಿತ್ತು. ಹೋಗದೆ ನಾಲ್ಕನೆಯ ವರ್ಷಕ್ಕೆ ಉಳಿದರು. ಅವರ ಇಡೀ ವೃತ್ತಿಜೀವನದಲ್ಲಿ ಇದಕ್ಕಿಂತ ದೊಡ್ಡ ತೀರ್ಮಾನ ಇನ್ನೊಂದಿಲ್ಲವೆಂದು ನನ್ನ ಅಭಿಪ್ರಾಯ.

2013ರಲ್ಲಿ ಪಿಟ್ ತಂಡ ಬಿಗ್ ಈಸ್ಟ್ ಒಕ್ಕೂಟವನ್ನು ಬಿಟ್ಟು ಎಸಿಸಿ ಒಕ್ಕೂಟ ಸೇರಿತು. ಹೊಸ ಒಕ್ಕೂಟದ ಮೊದಲ ಪಂದ್ಯವೇ ಫ್ಲೋರಿಡಾ ಸ್ಟೇಟ್ ವಿರುದ್ಧ, ಪಿಟ್ಸ್‌ಬರ್ಗಿನಲ್ಲಿ. ಎದುರಾಳಿ ಕ್ವಾರ್ಟರ್‌ಬ್ಯಾಕ್ ಜೇಮಿಸ್ ವಿನ್‌ಸ್ಟನ್ ಅವರಿಗೆ ಅದು ಮೊದಲ ಕಾಲೇಜು ಪಂದ್ಯ. 27 ಎಸೆತಗಳಲ್ಲಿ 25 ಗುರಿ ಮುಟ್ಟಿದವು, ಪಿಟ್ 41–13ರಿಂದ ಸೋತಿತು. ಆ ವರ್ಷದ ರಾಷ್ಟ್ರೀಯ ಚಾಂಪಿಯನ್‌ಷಿಪ್ ಫ್ಲೋರಿಡಾ ಸ್ಟೇಟ್‌ಗೆ, ವರ್ಷದ ಅತ್ಯುತ್ತಮ ಕಾಲೇಜು ಆಟಗಾರನಿಗೆ ಕೊಡುವ ಹೈಸ್‌ಮನ್ ಟ್ರೋಫಿ ವಿನ್‌ಸ್ಟನ್‌ಗೆ ಹೋಯಿತು. ನವೆಂಬರ್‌ನಲ್ಲಿ ಜಾರ್ಜಿಯಾ ಟೆಕ್ ವಿರುದ್ಧ ಡೊನಾಲ್ಡ್ ಒಂದೇ ಪಂದ್ಯದಲ್ಲಿ 6 ನಷ್ಟದ ಟ್ಯಾಕಲ್ ಮಾಡಿದರು. ಜಾರ್ಜಿಯಾ ಟೆಕ್ ಆಗ ಆಡುತ್ತಿದ್ದದ್ದು ಆಪ್ಷನ್ ಎಂಬ ಹಳೆಯ ಬಗೆಯ ದಾಳಿ: ಕ್ವಾರ್ಟರ್‌ಬ್ಯಾಕ್ ಓಡುತ್ತಲೇ, ಎದುರಿನವನು ಯಾರತ್ತ ವಾಲುತ್ತಾನೆಂದು ನೋಡಿ ಚೆಂಡನ್ನು ಕೊಡುವುದೋ ಇಟ್ಟುಕೊಳ್ಳುವುದೋ ತೀರ್ಮಾನಿಸುತ್ತಾನೆ. ಆ ತೀರ್ಮಾನಕ್ಕೆ ಬೇಕಾದ ಅರ್ಧ ಸೆಕೆಂಡು ಅವನಿಗೆ ಸಿಗದಂತೆ ಮಾಡಿದರೆ ಇಡೀ ಯೋಜನೆ ಮುರಿದುಬೀಳುತ್ತದೆ. ಡೊನಾಲ್ಡ್ ಮತ್ತೆ ಮತ್ತೆ ಅದನ್ನೇ ಮಾಡಿದರು. ಆದರೂ ಪಂದ್ಯವನ್ನು 21–10ರಿಂದ ಗೆದ್ದದ್ದು ಜಾರ್ಜಿಯಾ ಟೆಕ್.

ಆ ವರ್ಷದ ಒಟ್ಟು ಲೆಕ್ಕ 59 ಟ್ಯಾಕಲ್, 28.5 ನಷ್ಟದ ಟ್ಯಾಕಲ್, 11 ಸ್ಯಾಕ್, 4 ಫೋರ್ಸ್ಡ್ ಫಂಬಲ್. ಗಮನಿಸಿ, ಅವರು ಮಾಡಿದ ಟ್ಯಾಕಲ್‌ಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಎದುರಾಳಿಯ ಅಂಗಳದೊಳಗೇ ನಡೆದವು. ರಕ್ಷಣಾ ಆಟಗಾರರಿಗೆ ಮೀಸಲಾದ ನಾಗುರ್ಸ್ಕಿ, ಬೆಡ್ನಾರಿಕ್, ಸಾಲಿನ ಆಟಗಾರರಿಗೆ ಕೊಡುವ ಔಟ್‌ಲ್ಯಾಂಡ್, ಲೊಂಬಾರ್ಡಿ, ಈ ನಾಲ್ಕೂ ಪ್ರಶಸ್ತಿಗಳು ಒಂದೇ ವರ್ಷ ಅವರ ಮನೆಗೆ ಬಂದವು. ಹೈಸ್‌ಮನ್‌ನ ಅಂತಿಮ ಸುತ್ತಿಗೆ ಕರೆದ ಆರು ಜನರಲ್ಲಿ ಮಾತ್ರ ಅವರಿರಲಿಲ್ಲ. ಆರೂ ಮಂದಿ ಕ್ವಾರ್ಟರ್‌ಬ್ಯಾಕ್‌ಗಳು ಅಥವಾ ಓಟಗಾರರು. ‘ದೇಶದ ಅತ್ಯುತ್ತಮ ಕಾಲೇಜು ಆಟಗಾರ’ನಿಗೆಂದು ಇರುವ ಈ ಪ್ರಶಸ್ತಿಯನ್ನು ಮುಖ್ಯವಾಗಿ ರಕ್ಷಣೆಯ ಕಡೆ ಆಡಿ ಗೆದ್ದವರು 1997ರ ಮಿಷಿಗನ್‌ನ ಚಾರ್ಲ್ಸ್ ವುಡ್‌ಸನ್ ಒಬ್ಬರೇ; 2024ರಲ್ಲಿ ಗೆದ್ದ ಟ್ರಾವಿಸ್ ಹಂಟರ್ ಎರಡೂ ಕಡೆ ಆಡುತ್ತಿದ್ದವರು. ಸಾಲಿನ ನಡುವೆ ಮಣ್ಣು ತಿನ್ನುವವರಿಗೆ ಅದು ಒಮ್ಮೆಯೂ ಒಲಿದಿಲ್ಲ. ಪಿಟ್ ತಂಡ ಆ ಋತುವಿನಲ್ಲಿ ಗೆದ್ದದ್ದು 7, ಸೋತದ್ದು 6.

ಮುಂದಿನದನ್ನು ಬೇಗ ಹೇಳಿ ಮುಗಿಸಬಹುದು, ಏಕೆಂದರೆ ಅದು ಎಲ್ಲರೂ ಬಲ್ಲ ಭಾಗ. 2014ರ ಆರಂಭದಲ್ಲಿ ನಡೆದ ದೈಹಿಕ ಪರೀಕ್ಷೆಯಲ್ಲಿ 285 ಪೌಂಡ್ ತೂಕದ ಅವರು 40 ಗಜವನ್ನು 4.68 ಸೆಕೆಂಡುಗಳಲ್ಲಿ ಓಡಿದರು, 225 ಪೌಂಡ್ ಭಾರವನ್ನು ಮಲಗಿ 35 ಸಲ ಎತ್ತಿದರು. ಅಷ್ಟಾದರೂ ಎತ್ತರದ ಅನುಮಾನ ತೀರಲಿಲ್ಲ. ಎನ್‌ಎಫ್‌ಎಲ್ ತಂಡಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸಿಕೊಳ್ಳುವ ಡ್ರಾಫ್ಟ್‌ನಲ್ಲಿ 12 ಜನರನ್ನು ಬೇರೆ ತಂಡಗಳು ಆರಿಸಿಕೊಂಡ ಮೇಲೆ 13ನೆಯವರಾಗಿ ಸೇಂಟ್ ಲೂಯಿಸ್ ರ‍್ಯಾಮ್ಸ್ ತಂಡ ಅವರನ್ನು ತೆಗೆದುಕೊಂಡಿತು. ಹತ್ತು ಋತುಗಳಲ್ಲಿ 111 ಸ್ಯಾಕ್, 2017, 2018 ಮತ್ತು 2020ರಲ್ಲಿ ಎನ್‌ಎಫ್‌ಎಲ್‌ನ ವರ್ಷದ ರಕ್ಷಣಾ ಆಟಗಾರ, 2022ರ ಫೆಬ್ರುವರಿಯಲ್ಲಿ ಎನ್‌ಎಫ್‌ಎಲ್‌ನ ಅಂತಿಮ ಪಂದ್ಯವಾದ ಸೂಪರ್ ಬೌಲ್‌ನಲ್ಲಿ ಗೆಲುವು, 2024ರ ಮಾರ್ಚ್‌ನಲ್ಲಿ, ಇನ್ನೂ ಆಡುವ ಕಸುವು ಇದ್ದಾಗಲೇ, ನಿವೃತ್ತಿ.

ಈಗ ನಿಮ್ಮ ಮೊಮ್ಮಗನ ಕಾಲಕ್ಕೆ ಬರೋಣ. ಡೊನಾಲ್ಡ್ ಆಡುತ್ತಿದ್ದಾಗ ಇನ್ನೊಂದು ಕಾಲೇಜಿಗೆ ಹೋದವನು ಸಾಮಾನ್ಯವಾಗಿ ಒಂದು ವರ್ಷ ಆಡದೆ ಕೂರಬೇಕಿತ್ತು, ಮತ್ತು ವಿದ್ಯಾರ್ಥಿವೇತನದ ಹೊರತು ಆಟದಿಂದ ಹಣ ಪಡೆಯುವಂತಿರಲಿಲ್ಲ. 2018ರಲ್ಲಿ, ಕಾಲೇಜು ಬದಲಿಸಬಯಸುವ ಆಟಗಾರರು ಹೆಸರು ದಾಖಲಿಸುವ ಟ್ರಾನ್ಸ್‌ಫರ್ ಪೋರ್ಟಲ್ ಬಂತು. 2021ರ ಜುಲೈನಿಂದ ಆಟಗಾರರು ತಮ್ಮ ಹೆಸರು, ಚಿತ್ರ ಬಳಸಿ ಜಾಹೀರಾತಿನಿಂದ ಗಳಿಸಲು ಅನುಮತಿ ಸಿಕ್ಕಿತು. 2025ರಲ್ಲಿ ನ್ಯಾಯಾಲಯ ಒಪ್ಪಿದ ಒಂದು ರಾಜಿಯ ನಂತರ ಕಾಲೇಜುಗಳೇ ನೇರವಾಗಿ ಹಣ ಕೊಡತೊಡಗಿವೆ. ಪಿಟ್‌ನಲ್ಲೇ ಇದರ ಪರಿಣಾಮ ಕಂಡಿದೆ: 2021ರಲ್ಲಿ ದೇಶದ ಅತ್ಯುತ್ತಮ ರಿಸೀವರ್, ಅಂದರೆ ಎಸೆದ ಚೆಂಡನ್ನು ಹಿಡಿಯುವ ಆಟಗಾರ, ಎಂದು ಪ್ರಶಸ್ತಿ ಪಡೆದ ಜೋರ್ಡನ್ ಅಡಿಸನ್ ಮರುವರ್ಷ ಪಿಟ್ ಬಿಟ್ಟು ದಕ್ಷಿಣ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯಕ್ಕೆ ಹೋದರು. 2011ರ ಗೊಂದಲದಲ್ಲಿ ಇಂದಿನ ನಿಯಮಗಳಿದ್ದಿದ್ದರೆ ಡೊನಾಲ್ಡ್ ಪಿಟ್‌ನಲ್ಲೇ ಉಳಿಯುತ್ತಿದ್ದರೋ ಇಲ್ಲವೋ ಹೇಳುವುದು ಕಷ್ಟ. ಆಟಗಾರರಿಗೆ ಹಣ ಸಿಗುತ್ತಿರುವುದು ನ್ಯಾಯವೇ. ಅವರ ಬೆವರಿನಿಂದ ಕೋಟಿಗಟ್ಟಲೆ ಡಾಲರ್ ಬರುತ್ತಿತ್ತು. ಆದರೆ ಹೈಸ್ಕೂಲಿನ ಮಧ್ಯಮ ದರ್ಜೆಯ ಹುಡುಗನಿಗೆ ಬಾಗಿಲು ಕಿರಿದಾಗಿದೆ. ಪಳಗಿದ ಇಪ್ಪತ್ತೆರಡರ ಆಟಗಾರ ಪೋರ್ಟಲ್‌ನಲ್ಲಿ ಸಿಗುವಾಗ, ಮೂರು ನಕ್ಷತ್ರದ ಹದಿನೆಂಟರ ಹುಡುಗನನ್ನು ಎರಡು ವರ್ಷ ಕಾದು ಬೆಳೆಸುವ ತಾಳ್ಮೆ ತರಬೇತುದಾರರಿಗೆ ಉಳಿದಿಲ್ಲ.

ಕಾಲೇಜಿನಲ್ಲಿ ಆಡಿ ಡ್ರಾಫ್ಟ್‌ಗೆ ಅರ್ಹರಾದವರಲ್ಲಿ ಎನ್‌ಎಫ್‌ಎಲ್ ತಂಡಗಳು ಆರಿಸಿಕೊಳ್ಳುವುದು ನೂರಕ್ಕೆ ಇಬ್ಬರನ್ನೂ ಅಲ್ಲ. ಇದು ಎನ್‌ಸಿಎಎ ತಾನೇ ಪ್ರಕಟಿಸುವ ಅಂದಾಜು. ಭಾರತೀಯ ಮೂಲದವರು ಈ ಹಾದಿಯಲ್ಲಿ ಇಲ್ಲವೇ ಇಲ್ಲ ಎಂದಲ್ಲ. ಭಾರತೀಯ ತಂದೆಯ ಮಗನಾದ ಬ್ರ್ಯಾಂಡನ್ ಚಿಲ್ಲರ್ ಯುಸಿಎಲ್‌ಎ ಪರ ಲೈನ್‌ಬ್ಯಾಕರ್ ಆಗಿ ಆಡಿ, 2004ರಲ್ಲಿ ನಾಲ್ಕನೆಯ ಸುತ್ತಿನಲ್ಲಿ ಆಯ್ಕೆಯಾಗಿ, ರ‍್ಯಾಮ್ಸ್ ಮತ್ತು ಗ್ರೀನ್ ಬೇ ಪ್ಯಾಕರ್ಸ್ ತಂಡಗಳಲ್ಲಿದ್ದರು.

ಪೆಟ್ಟಿನ ವಿಷಯವನ್ನು ಮುಚ್ಚಿಟ್ಟು ಹೇಳುವುದು ಸರಿಯಲ್ಲ. 2010ರ ಅಕ್ಟೋಬರ್‌ನಲ್ಲಿ, ಡೊನಾಲ್ಡ್ ಅವರ ಮೊದಲ ಋತುವಿನಲ್ಲೇ, ಅವರನ್ನೂ ಕರೆದಿದ್ದ ರಟ್ಗರ್ಸ್‌ನ ಡಿಫೆನ್ಸಿವ್ ಟ್ಯಾಕಲ್ ಎರಿಕ್ ಲೆಗ್ರಾಂಡ್ ಒಂದು ಟ್ಯಾಕಲ್‌ನಲ್ಲಿ ಕತ್ತಿನ ಮೂಳೆ ಮುರಿದುಕೊಂಡು ಪಾರ್ಶ್ವವಾಯುವಿಗೆ ತುತ್ತಾದರು. ಇಂಥದ್ದು ವಿರಳ. ಮಂಡಿಯ ಗಾಯ ವಿರಳವಲ್ಲ. ನೋಟರ್ ಡೇಮ್‌ನ ಲೈನ್‌ಬ್ಯಾಕರ್ ಜೇಲನ್ ಸ್ಮಿತ್ 2015ರಲ್ಲಿ ದೇಶದ ಅತ್ಯುತ್ತಮ ಲೈನ್‌ಬ್ಯಾಕರ್ ಎನಿಸಿ, 2016ರ ಜನವರಿ 1ರಂದು ಕಾಲೇಜಿನ ಕೊನೆಯ ಪಂದ್ಯದಲ್ಲಿ ಮಂಡಿಯ ಅಸ್ಥಿರಜ್ಜುಗಳನ್ನು ಹರಿದುಕೊಂಡರು, ನರಕ್ಕೂ ಹಾನಿಯಾಗಿತ್ತು. ಮೊದಲ ಐವರಲ್ಲಿ ಆಯ್ಕೆಯಾಗುವರೆಂದು ಎಣಿಸಿದ್ದವರು 34ನೆಯವರಾಗಿ ಆಯ್ಕೆಯಾದರು, ಒಂದಿಡೀ ಋತು ಆಡಲಿಲ್ಲ. ಇನ್ನು ತಲೆಯ ಪೆಟ್ಟು. ಬಾಸ್ಟನ್ ಕಾಲೇಜಿನ ಲೈನ್‌ಬ್ಯಾಕರ್ ಲೂಕ್ ಕೀಕ್ಲಿ ವೃತ್ತಿಯಲ್ಲೂ ಮೊದಲ ಸಾಲಿನಲ್ಲಿದ್ದಾಗಲೇ, 28ರ ವಯಸ್ಸಿನಲ್ಲಿ, ಹಲವು ಸಲ ಮೆದುಳಿಗೆ ಆಘಾತವಾದ ಬಳಿಕ ಆಟ ಬಿಟ್ಟರು. ಸಾಲಿನಲ್ಲಿ ನಿಲ್ಲುವವರಿಗೆ ದೊಡ್ಡ ಡಿಕ್ಕಿಗಿಂತ ಪ್ರತಿ ಸ್ನ್ಯಾಪ್‌ನಲ್ಲೂ ಆಗುವ ಸಣ್ಣ ಸಣ್ಣ ತಲೆಬಡಿತಗಳ ಮೊತ್ತ ಚಿಂತೆಯ ವಿಷಯ. ಸಿಟಿಇ ಎಂಬ ಮೆದುಳಿನ ಕಾಯಿಲೆಗೂ ಇಂಥ ಪುನರಾವರ್ತಿತ ಬಡಿತಕ್ಕೂ ನಂಟಿದೆ, ಮತ್ತು ಅದನ್ನು ಖಚಿತವಾಗಿ ಗುರುತಿಸಲು ಸಾಧ್ಯವಾಗುವುದು ಸತ್ತ ಮೇಲೆ ಮಾತ್ರ. ನಿಮ್ಮ ಮಗಳಿಗೆ ಹೇಳಿ: ಶಾಲೆಯ ತರಬೇತುದಾರರನ್ನು ವಾರಕ್ಕೆ ಎಷ್ಟು ದಿನ ಪೂರ್ಣ ಡಿಕ್ಕಿಯ ಅಭ್ಯಾಸ ಇರುತ್ತದೆ, ತಲೆಗೆ ಪೆಟ್ಟಾದವನನ್ನು ಮತ್ತೆ ಆಡಿಸುವ ತೀರ್ಮಾನ ಯಾರದು, ಪಂದ್ಯಕ್ಕೆ ಗಾಯಗಳನ್ನು ನೋಡಿಕೊಳ್ಳುವ ಅಥ್ಲೆಟಿಕ್ ಟ್ರೈನರ್ ಬರುತ್ತಾರೆಯೇ ಎಂದು ಕೇಳಲಿ. ತಡವರಿಸಿ ಉತ್ತರಿಸಿದರೆ ಆ ಉತ್ತರವೇ ಸಾಕು.

ಕೊನೆಗೆ ಓದು. ಋತುವಿನಲ್ಲಿ ಕಡ್ಡಾಯ ಅಭ್ಯಾಸ ವಾರಕ್ಕೆ 20 ಗಂಟೆ ಮೀರಬಾರದೆಂದು ಎನ್‌ಸಿಎಎ ನಿಯಮವಿದೆ. ಪಂದ್ಯದ ಇಡೀ ದಿನವನ್ನು 3 ಗಂಟೆ ಎಂದು ಎಣಿಸುತ್ತಾರೆ. ಪ್ರಯಾಣ, ಗಾಯದ ಆರೈಕೆ, ಆಟಗಾರ ‘ಸ್ವಂತ ಇಚ್ಛೆಯಿಂದ’ ನೋಡುವ ವಿಡಿಯೊ ಲೆಕ್ಕಕ್ಕಿಲ್ಲ. ನಿಜವಾದ ಹೊತ್ತು ಇದರ ಹತ್ತಿರ ಹತ್ತಿರ ಎರಡರಷ್ಟಾಗುತ್ತದೆ ಎಂದಿಟ್ಟುಕೊಳ್ಳಿ. ಪ್ರಯೋಗಾಲಯದ ತರಗತಿಗಳು ಮಧ್ಯಾಹ್ನವಿರುವ ಎಂಜಿನಿಯರಿಂಗ್, ವಿಜ್ಞಾನದ ವಿಷಯಗಳಿಗೆ ಮಧ್ಯಾಹ್ನದ ಅಭ್ಯಾಸ ಅಡ್ಡ ಬರುತ್ತದೆ. ಮೊದಲ ದರ್ಜೆಯ ತಂಡಗಳ ಹುಡುಗರು ಇಂಥ ವಿಷಯಗಳನ್ನು ಕೈಬಿಡುವುದಕ್ಕೆ ಬುದ್ಧಿಶಕ್ತಿಗಿಂತ ವೇಳಾಪಟ್ಟಿಯೇ ಹೆಚ್ಚು ಕಾರಣ.

ಆದರೆ ಕಾಲೇಜು ಫುಟ್‌ಬಾಲ್ ಎಂದರೆ ಪಿಟ್‌ನಂಥ ಮೊದಲ ವಿಭಾಗದ ತಂಡಗಳೇ ಎಂದುಕೊಳ್ಳಬೇಕಾಗಿಲ್ಲ. ಎನ್‌ಸಿಎಎಯ ಮೂರನೆಯ ವಿಭಾಗದಲ್ಲಿ ಆಟಕ್ಕೆಂದು ವಿದ್ಯಾರ್ಥಿವೇತನ ಕೊಡುವಂತಿಲ್ಲ, ಪ್ರವೇಶ ಓದಿನ ಆಧಾರದ ಮೇಲೆ, ಅಭ್ಯಾಸದ ಹೊರೆಯೂ ಹಗುರ. ಆ ವಿಭಾಗದಲ್ಲಿ ಆಡುವ ತಂಡಗಳಲ್ಲಿ ಒಂದು, ಪಿಟ್‌ನ ಪಕ್ಕದಲ್ಲೇ, ನಡೆದು ಹೋಗುವಷ್ಟು ದೂರದಲ್ಲಿರುವ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ್ದು. ಅದರ ಕಂಪ್ಯೂಟರ್ ವಿಜ್ಞಾನ ವಿಭಾಗದ ಹೆಸರು ನಿಮ್ಮ ಅಳಿಯ, ಮಗಳಿಗೆ ಗೊತ್ತಿಲ್ಲದಿರಲಾರದು; ಅದಕ್ಕೊಂದು ಫುಟ್‌ಬಾಲ್ ತಂಡವಿದೆ, ಆ ತಂಡಕ್ಕೂ ಡಿಫೆನ್ಸಿವ್ ಟ್ಯಾಕಲ್‌ಗಳು ಬೇಕು ಎಂಬುದು ಮೊಮ್ಮಗನಿಗೆ ಗೊತ್ತಿದೆಯೇ ಎಂದು ಈ ಸಲ ಫೋನು ಮಾಡಿದಾಗ ಕೇಳಿ ನೋಡಿ.